ಮೆಣಸಿನಕಾಯಿ ಕಂಡವರಿಗೆ ಮನುಷ್ಯ ಕಾಣಲಿಲ್ಲ

ಟಿ.ವಿ.ಯ ಐತಿಹಾಸಿಕ ಧಾರಾವಾಹಿಗಳಲ್ಲಿ ತಪ್ಪು ಹುಡುಕುವ ಪಂಡಿತರೇ, ನಿಮ್ಮ ಕಣ್ಣು ಬಲು ಚುರುಕು. ಕದಂಬರ ಕಾಲದ ಅಡುಗೆಮನೇಲಿ ಒಂದು ಮೆಣಸಿನಕಾಯಿ ಕಂಡರೆ ಸಾಕು, ಅದು 16ನೇ ಶತಮಾನದಲ್ಲಿ ಪೋರ್ಚುಗೀಸರ ಜತೆ ಬಂದದ್ದು ಅಂತ ಕೂಗ್ತೀರಿ. ಸರಿ, ಒಪ್ಪಿದೆವು.

ಈಗ ನಮ್ಮ ಚಂದ್ರವಳ್ಳಿಗೆ ಬನ್ನಿ. ಇಲ್ಲಿನ ಬಂಡೆಯ ಮೇಲೆ 4ನೇ ಶತಮಾನದ ಮಯೂರಶರ್ಮನ ಶಾಸನ ಇದೆ. ಕೆರೆ ಆದದ್ದನ್ನ ಹೇಳುತ್ತೆ, ಅವನು ಗೆದ್ದವರ ಪಟ್ಟಿ ಕೊಡುತ್ತೆ. ಮಣ್ಣು ಹೊತ್ತವರ ಒಂದು ಹೆಸರೂ ಅದರಲ್ಲಿಲ್ಲ. ಅಂದು ಕಲ್ಲು ಮಾಡಿದ್ದನ್ನೇ ಇಂದು ಕ್ಯಾಮೆರಾ ಮಾಡ್ತಿದೆ. ರಾಜನಿಗೆ ಜರಿ, ಅರಮನೆಗೆ ಬಣ್ಣ. ಕೆರೆ ಅಗೆದವರು, ಚರ್ಮ ಹದ ಮಾಡಿದವರು ಎಲ್ಲಿ? ಜೈಕಾರ ಕೂಗೋ ಗುಂಪಿನಲ್ಲಿ!

ಪಕ್ಕದ ಕೋಟೆಯಲ್ಲಿ ಹೈದರನ ಸೈನಿಕರನ್ನ ಒನಕೆಯಿಂದ ಬಡಿದ ಓಬವ್ವ ಛಲವಾದಿ ಹೆಣ್ಣುಮಗಳು ಅಂತ ನಮ್ಮ ಜನ ತಲೆತಲಾಂತರದಿಂದ ಹೇಳ್ತಾ ಬಂದಿದ್ದಾರೆ. ತೆರೆಯ ಮೇಲೆ ಒನಕೆ ಉಳಿಯುತ್ತೆ, ಕೇರಿ ಅಳಿಯುತ್ತೆ. ಈ ತಪ್ಪಿಗೆ ನಿಮ್ಮಲ್ಲಿ ಯಾರು ಕೂಗಿದಿರಿ?

1990ರಲ್ಲಿ ದೂರದರ್ಶನಕ್ಕೆ ಬಂದ ಟಿಪ್ಪು ಧಾರಾವಾಹಿಯ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಿದರು; ‘ಇದು ಕಾಲ್ಪನಿಕ’ ಅನ್ನೋ ಸೂಚನೆ ಹಾಕಿಸಿದರು. ನಮ್ಮನ್ನು ಅಳಿಸಿದ ಕಥೆಗಳಿಗೆ ಅಂಥ ಸೂಚನೆ ಯಾರು ಕೇಳಿದರು?

ಮೆಣಸಿನಕಾಯಿ ತೆಗೆದು ಕಾಳುಮೆಣಸು ಇಡೋದು ಸುಲಭ. ತಿದ್ದೋದೇ ಆದರೆ, ಕೆರೆ ಏರಿಯ ಮೇಲೆ ಮಣ್ಣಿನ ಪುಟ್ಟಿ ಹೊತ್ತವಳಿಗೆ ಒಂದು ಮುಖ ಕೊಡಿ, ಒಂದು ಮಾತು ಕೊಡಿ. ಅಲ್ಲೀತನಕ ನಿಮ್ಮ ಪ್ರತಿ ಧಾರಾವಾಹಿಗೂ ಆ ಸೂಚನೆಯನ್ನ ನಾವೇ ಹಾಕ್ತೀವಿ: ಇದು ಕಾಲ್ಪನಿಕ.