ಸಿ.ಎ. ಓದಿಗೆ ನೆರವುಂಟು, ಬರುವುದು ಮಾತ್ರ ತಡವಾಗಿ

ಪಿ.ಯು.ಸಿ. ಫಲಿತಾಂಶ ಬಂದ ವಾರ ಪೇಟೆ ಬೀದಿಯ ಅಂಗಡಿಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಮಗಳು ಕಾಮರ್ಸ್‌ನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ದಾಳೆ. ಸಿ.ಎ. ಮಾಡ್ತೀನಿ ಅಂತಾಳೆ. ದುಡ್ಡು ಎಷ್ಟು ಬೇಕೋ ಏನೋ!" ಪಕ್ಕದ ಅಂಗಡಿಯವರು ಧೈರ್ಯ ಹೇಳುತ್ತಾರೆ: "ಸ್ಕಾಲರ್‌ಶಿಪ್ ಬರುತ್ತಂತೆ ಬಿಡಿ. ತಿಂಗಳು ತಿಂಗಳು ಸ್ಟೈಪೆಂಡೂ ಕೊಡ್ತಾರಂತೆ."

ಎರಡೂ ಸುಳ್ಳಲ್ಲ. ಸ್ಕಾಲರ್‌ಶಿಪ್ಪೂ ಉಂಟು, ಸ್ಟೈಪೆಂಡೂ ಉಂಟು. ಆದರೆ ಯಾವಾಗ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ. ಉದ್ರಿ ಲೆಕ್ಕ ಬರೆದು ಅಭ್ಯಾಸವಿರುವ ವ್ಯಾಪಾರಸ್ಥರಿಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಬರಬೇಕಾದ ಹಣ ಎಷ್ಟು ಎಂಬುದಕ್ಕಿಂತ ಯಾವ ದಿನ ಕೈಸೇರುತ್ತದೆ ಎಂಬುದೇ ಅಂಗಡಿಯನ್ನು ಉಳಿಸುತ್ತದೆ ಅಥವಾ ಮುಚ್ಚಿಸುತ್ತದೆ. ಓದಿನ ಲೆಕ್ಕವೂ ಅಷ್ಟೇ.

ಹೆಸರು ಬರೆಸಿದರೆ ಏನು ಸಿಗುತ್ತದೆ?

ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ 1949ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಹುಟ್ಟಿದ್ದು. ಪಾಠ, ಪರೀಕ್ಷೆ, ತರಬೇತಿ, ಸದಸ್ಯತ್ವ ಎಲ್ಲವೂ ಅದರ ಕೈಯಲ್ಲೇ. ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್ ಎಂದು ಮೂರು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಬೇರೆ ನೋಂದಣಿ, ಬೇರೆ ಶುಲ್ಕ. ಸಂಸ್ಥೆಯಲ್ಲಿ ಹೆಸರು ಬರೆಸಿದ ವಿದ್ಯಾರ್ಥಿಗೆ ಪಠ್ಯಪುಸ್ತಕಗಳು, ವಿದ್ಯಾರ್ಥಿಗಳಿಗೆಂದೇ ಹೊರಡುವ ಮಾಸಪತ್ರಿಕೆ, ಇಂಟರ್‌ನೆಟ್ಟಿನಲ್ಲಿ ಉಚಿತ ಪಾಠ ದೊರೆಯುತ್ತವೆ. ಶಾಖೆ ಇರುವ ಊರುಗಳಲ್ಲಿ ವಿದ್ಯಾರ್ಥಿ ಸಂಘವೂ ಇದೆ. ದಕ್ಷಿಣ ಭಾರತದಲ್ಲಿ ಅದನ್ನು 'ಸಿಕಾಸಾ' ಎನ್ನುತ್ತಾರೆ. ಅಣಕು ಪರೀಕ್ಷೆ, ವಿಚಾರ ಸಂಕಿರಣ, ಕಾರ್ಖಾನೆ ಭೇಟಿ, ಭಾಷಣ ಸ್ಪರ್ಧೆ, ಓದುವ ಕೋಣೆ ಇವೆಲ್ಲ ಅಲ್ಲಿನ ಅನುಕೂಲ. ಇಂಟರ್‌ಮೀಡಿಯೆಟ್ ನೋಂದಣಿ ಶುಲ್ಕದಲ್ಲೇ 2,000 ರೂ. 'ವಿದ್ಯಾರ್ಥಿ ಚಟುವಟಿಕೆ ಶುಲ್ಕ' ಸೇರಿರುತ್ತದೆ.

ಶುಲ್ಕ ಎಲ್ಲರಿಗೂ ಒಂದೇ, ಅನುಕೂಲ ಮಾತ್ರ ಒಂದೇ ಅಲ್ಲ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಮೈಸೂರು, ಬೆಳಗಾವಿ, ಉಡುಪಿಯಂಥ ಊರಿನಲ್ಲಿ ಶಾಖೆಯ ಕಚೇರಿಗೆ ನಡೆದು ಹೋಗಬಹುದು. ಶಾಖೆ ಇಲ್ಲದ ತಾಲೂಕಿನ ಹುಡುಗ ಅಣಕು ಪರೀಕ್ಷೆ ಬರೆಯಬೇಕಾದರೆ ಬೆಳಗಿನ ಮೊದಲ ಬಸ್ಸು ಹಿಡಿದು, ರಾತ್ರಿ ಕೊನೇ ಬಸ್ಸಿಗೆ ವಾಪಸು ಬರಬೇಕು. ಅವನು ಕಟ್ಟಿದ ಎರಡು ಸಾವಿರವೂ ಪಟ್ಟಣದವನು ಕಟ್ಟಿದ ಎರಡು ಸಾವಿರವೂ ಒಂದೇ ಪೆಟ್ಟಿಗೆಗೆ ಹೋಗುತ್ತವೆ.

ಖರ್ಚಿನ ಪುಟ

ಫೌಂಡೇಶನ್ ನೋಂದಣಿಗೆ 9,000 ರೂ. ಇಂಟರ್‌ಮೀಡಿಯೆಟ್‌ನ ಎರಡೂ ಗುಂಪಿಗೆ 18,000. ಫೈನಲ್‌ಗೆ 22,000. ಕೂಡಿಸಿದರೆ 49,000 ರೂ. ಇದಲ್ಲದೆ ಪರೀಕ್ಷಾ ಶುಲ್ಕ ಬೇರೆ: ಫೌಂಡೇಶನ್‌ಗೆ 1,500, ಇಂಟರ್‌ಮೀಡಿಯೆಟ್‌ಗೆ 2,700, ಫೈನಲ್‌ಗೆ 3,300. ಪ್ರತಿ ಸಲ ಕೂತಾಗಲೂ ಇದನ್ನು ಕಟ್ಟಬೇಕು. ಕಂಪ್ಯೂಟರ್ ಮತ್ತು ನಡವಳಿಕೆ ತರಬೇತಿಗೆ ಪ್ರತ್ಯೇಕ ಹಣ. ಖಾಸಗಿ ಕೋಚಿಂಗ್‌ಗೆ ಸೇರಿದರೆ ಅದರ ಮಾತೇ ಬೇರೆ. ಅದು ಈ ಮೊತ್ತವನ್ನು ನುಂಗಿಹಾಕುತ್ತದೆ.

ಎಂಜಿನಿಯರಿಂಗ್, ಮೆಡಿಕಲ್ ಸೀಟಿನ ಮುಂದೆ ಇದು ಚಿಲ್ಲರೆ ಹಣ ಎನ್ನುವವರಿದ್ದಾರೆ. ನಿಜ. ಈ ಓದು ಮಧ್ಯಮ ವರ್ಗದ ಮನೆಗಳಿಗೆ ಇಷ್ಟು ಹತ್ತಿರವಾದದ್ದೇ ಅದಕ್ಕೆ. ಆದರೆ ದಿನದ ಗಲ್ಲಾ ನಂಬಿಕೊಂಡ ಸಣ್ಣ ಅಂಗಡಿಗೆ ಒಂದೇ ಸಲ ಹದಿನೆಂಟು ಸಾವಿರ ತೆಗೆಯುವುದೆಂದರೆ ಒಂದು ಹಬ್ಬದ ಸರಕು ತರಿಸದೆ ಇದ್ದಂತೆ.

ಜಮೆಯ ಪುಟ

ಸಿ.ಎ. ವಿದ್ಯಾರ್ಥಿಗೆ ಸಿಗುವ ಅತಿ ದೊಡ್ಡ ನೆರವು ಯಾವುದು? ವಿದ್ಯಾರ್ಥಿವೇತನ ಎಂದುಕೊಂಡವರೇ ಹೆಚ್ಚು. ಅಸಲಿಗೆ ಅದು ಆರ್ಟಿಕಲ್‌ಶಿಪ್ ಕಾಲದ ಸ್ಟೈಪೆಂಡ್. ಒಬ್ಬ ಲೆಕ್ಕ ಪರಿಶೋಧಕರ ಕೈಕೆಳಗೆ ಕೆಲಸ ಕಲಿಯುವಾಗ ಅವರು ಕೊಡಲೇಬೇಕಾದ ಕನಿಷ್ಠ ಮೊತ್ತವನ್ನು ಸಂಸ್ಥೆಯ ನಿಯಮವೇ ಗೊತ್ತುಮಾಡಿದೆ. ಅದು ನಿಂತಿರುವುದು ಊರಿನ ಜನಸಂಖ್ಯೆಯ ಮೇಲೆ.

2021ರಲ್ಲಿ ಈ ಮೊತ್ತ ಇಮ್ಮಡಿಯಾಯಿತು. 20 ಲಕ್ಷಕ್ಕೂ ಮೇಲ್ಪಟ್ಟ ಜನಸಂಖ್ಯೆಯ ನಗರದಲ್ಲಿ ಮೊದಲ ವರ್ಷ ತಿಂಗಳಿಗೆ 4,000, ಎರಡನೇ ವರ್ಷ 5,000. ನಾಲ್ಕರಿಂದ 20 ಲಕ್ಷದ ಊರಿನಲ್ಲಿ 3,000 ಮತ್ತು 4,000. ನಾಲ್ಕು ಲಕ್ಷಕ್ಕಿಂತ ಕಡಿಮೆಯಾದರೆ 2,000 ಮತ್ತು 3,000. 2011ರ ಜನಗಣತಿಯಲ್ಲಿ ಶಿವಮೊಗ್ಗ, ತುಮಕೂರು, ವಿಜಯಪುರ ಮೂರೂ ನಾಲ್ಕು ಲಕ್ಷದ ಕೆಳಗೇ ಇದ್ದವು. ಅಂದರೆ ಬಹುತೇಕ ಜಿಲ್ಲಾ ಕೇಂದ್ರಗಳು ಕೊನೆಯ ಸಾಲಿನಲ್ಲಿ.

ಲೆಕ್ಕ ಹಾಕಿ. ಬೆಂಗಳೂರಿನಲ್ಲಿ ಎರಡು ವರ್ಷಕ್ಕೆ ಕನಿಷ್ಠ 1,08,000 ರೂ. ಸಣ್ಣ ಜಿಲ್ಲಾ ಕೇಂದ್ರದಲ್ಲಿ 60,000. ಮೇಲುನೋಟಕ್ಕೆ ಇದು ಅನ್ಯಾಯ. ಆದರೆ ಬೆಂಗಳೂರಿನ ನಾಲ್ಕು ಸಾವಿರದಲ್ಲಿ ಪಿ.ಜಿ. ಬಾಡಿಗೆ ಕಟ್ಟಿ, ಊಟ ಮಾಡಿ, ಬಸ್ ಪಾಸ್ ತೆಗೆಸಿ ಉಳಿಸಿದವರುಂಟೇ? ಮನೆಯಲ್ಲೇ ಉಂಡು ಮಲಗುವ ಹುಡುಗಿಗೆ ಊರಿನ ಎರಡು ಸಾವಿರವೇ ಮೇಲು. ಜಿಲ್ಲಾ ಕೇಂದ್ರದ ಅರವತ್ತು ಸಾವಿರ, ಮೂರೂ ಮೆಟ್ಟಿಲಿನ ನೋಂದಣಿ ಶುಲ್ಕವನ್ನು ತೀರಿಸಿ ಹನ್ನೊಂದು ಸಾವಿರ ಮಿಗಿಸುತ್ತದೆ. ಇದು ಕನಿಷ್ಠದ ಲೆಕ್ಕ. ಇದಕ್ಕಿಂತ ಹೆಚ್ಚು ಕೊಡಲು ಯಾವ ಅಡ್ಡಿಯೂ ಇಲ್ಲ.

ಹಾಗಾದರೆ ತೊಂದರೆ ಎಲ್ಲಿ? ತಾರೀಖಿನಲ್ಲಿ.

2023ರ ಬದಲಾವಣೆ

2023ರ ಜುಲೈ 1ರಿಂದ ಹೊಸ ಶಿಕ್ಷಣ ಪದ್ಧತಿ ಬಂತು. ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಹುಡುಗರು ಖುಷಿಪಟ್ಟರು: ಒಂದು ವರ್ಷ ಮುಂಚೆಯೇ ಸಿ.ಎ. ಆಗಬಹುದಲ್ಲ! ಆದರೆ ಅದೇ ಪದ್ಧತಿಯಲ್ಲಿ ಇನ್ನೊಂದು ಸಾಲಿದೆ. ಹಿಂದೆ ಇಂಟರ್‌ಮೀಡಿಯೆಟ್‌ನ ಒಂದು ಗುಂಪು ಪಾಸಾದರೂ ಕೆಲಸಕ್ಕೆ ಸೇರಬಹುದಿತ್ತು, ಸ್ಟೈಪೆಂಡ್ ಶುರುವಾಗುತ್ತಿತ್ತು. ಈಗ ಎರಡೂ ಗುಂಪು ಪಾಸಾಗಬೇಕು.

ಇದರ ಪರಿಣಾಮ ಮನೆಯ ಖಾತೆಯಲ್ಲಿ ಕಾಣುತ್ತದೆ. ಮೂರನೇ ವರ್ಷದ ಸ್ಟೈಪೆಂಡ್ ಸಣ್ಣ ಊರಿನಲ್ಲಿ ತಿಂಗಳಿಗೆ 4,000, ಅಂದರೆ ವರ್ಷಕ್ಕೆ 48,000 ರೂ. ಅದು ಹೋಯಿತು. ಉಳಿದ ಎರಡು ವರ್ಷದ್ದೂ ಮುಂದಕ್ಕೆ ಹೋಯಿತು. ಮೊದಲ ಸ್ಟೈಪೆಂಡ್ ಕೈಗೆ ಬರುವ ಮುಂಚೆ ಫೌಂಡೇಶನ್‌ನ 9,000, ಇಂಟರ್‌ಮೀಡಿಯೆಟ್‌ನ 18,000, ಜೊತೆಗೆ ಪರೀಕ್ಷೆ ಮತ್ತು ತರಬೇತಿಯ ಹಣ ಮನೆಯವರೇ ಹಾಕಬೇಕು. ಬೇಗ ಪಾಸಾಗುವವರಿಗೆ ಹೊಸ ಪದ್ಧತಿ ಲಾಭ. ಒಂದು ಗುಂಪು ಗೆದ್ದು ಇನ್ನೊಂದರಲ್ಲಿ ಮುಗ್ಗರಿಸಿದವರು ಸಂಬಳವೂ ಇಲ್ಲದೆ, ಓದೂ ಮುಗಿಯದೆ ಮನೆಯಲ್ಲಿ ಕೂರುತ್ತಾರೆ. ಬಂಡವಾಳ ಇರುವವರಿಗೆ ಕಾಯುವುದು ಕಷ್ಟವಲ್ಲ. ಇಲ್ಲದ ಮನೆಯ ಹುಡುಗ ಅಷ್ಟರಲ್ಲಿ ಯಾವುದೋ ಟ್ಯಾಲಿ ಕೆಲಸಕ್ಕೆ ಸೇರಿಬಿಟ್ಟಿರುತ್ತಾನೆ.

ಮುಗ್ಗರಿಸುವವರು ಕಡಿಮೆಯೇನಲ್ಲ. 2024ರ ಜೂನ್ ಫೌಂಡೇಶನ್ ಪರೀಕ್ಷೆಗೆ ಕೂತವರು 91,900 ಮಂದಿ. ಪಾಸಾದವರು 13,749. ನೂರಕ್ಕೆ ಹದಿನೈದೂ ತುಂಬಲಿಲ್ಲ. ಪ್ರತಿ ಪತ್ರಿಕೆಯಲ್ಲಿ 40, ಒಟ್ಟಾರೆ ಶೇ. 50 ಬರಬೇಕು; ವಸ್ತುನಿಷ್ಠ ಪ್ರಶ್ನೆಗೆ ತಪ್ಪು ಉತ್ತರ ಬರೆದರೆ ಕಾಲು ಅಂಕ ಕಡಿತ. 2024ರಿಂದ ಈ ಪರೀಕ್ಷೆ ವರ್ಷಕ್ಕೆ ಮೂರು ಸಲ ನಡೆಯುವಂತಾದದ್ದು ಇವರಿಗೆ ಒಂದು ಸಮಾಧಾನ. ಸೋತವರು ಆರು ತಿಂಗಳು ಕಾಯಬೇಕಿಲ್ಲ.

ವಿದ್ಯಾರ್ಥಿವೇತನ ಯಾರಿಗೆ?

ಸಂಸ್ಥೆಯೇ ಕೊಡುವ ವಿದ್ಯಾರ್ಥಿವೇತನಗಳು ಮುಖ್ಯವಾಗಿ ಮೂರು ಬಗೆ. ರ‍್ಯಾಂಕ್ ಬಂದವರಿಗೆ ಪ್ರತಿಭೆಯ ಲೆಕ್ಕದಲ್ಲಿ ಒಂದು. ಪ್ರತಿಭೆಯೂ ಇದ್ದು ಬಡತನವೂ ಇದ್ದವರಿಗೆ ಒಂದು. ಆದಾಯ ಕಡಿಮೆ ಇರುವ ಮನೆಯವರಿಗೆ ಹಾಗೂ ದುರ್ಬಲ ವರ್ಗದವರಿಗೆ ಮತ್ತೊಂದು. ದಾನಿಗಳ ದತ್ತಿ ನಿಧಿಯಿಂದ ಕೊಡುವುದೂ ಇದೆ. ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗಾಗಿ ಪ್ರತ್ಯೇಕ ಹಿತನಿಧಿಯೂ ಇದೆ. ಕಾಗದದ ಮೇಲೆ ನೋಡಿದರೆ ಯಾರನ್ನೂ ಬಿಟ್ಟಿಲ್ಲ. ಆದರೆ ಇವು ಇಂಟರ್‌ಮೀಡಿಯೆಟ್, ಫೈನಲ್ ಹಂತಕ್ಕೆ ಬಂದವರಿಗೆ. ಮೊದಲ ಒಂಬತ್ತು ಸಾವಿರಕ್ಕೆ ತಡಕಾಡುತ್ತಿರುವ ಹುಡುಗನಿಗೆ ಅವು ದೂರದ ಬೆಟ್ಟ.

ಸರ್ಕಾರದ ಕಡೆ ತಿರುಗಿದರೆ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಸಿ.ಎ.ಯಂಥ ವೃತ್ತಿ ಓದಿಗೂ ಜಾಗವಿದೆ. ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷದೊಳಗಿರಬೇಕು. ಇದು ಬಿ.ಕಾಂ.ಗೆ ಮಾತ್ರ ಎಂದುಕೊಂಡು ಅರ್ಜಿಯನ್ನೇ ಹಾಕದೆ ಸುಮ್ಮನಿರಬಾರದು.

ರಾಜ್ಯದಲ್ಲಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಕಾಂ. ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 5,000, ಹೆಣ್ಣುಮಕ್ಕಳಿಗೆ 5,500 ರೂ. ಗೊತ್ತುಮಾಡಲಾಯಿತು. ಮರುವರ್ಷ ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು, ಆಟೋ ಮತ್ತು ಟ್ಯಾಕ್ಸಿ ಚಾಲಕರ ಮಕ್ಕಳಿಗೂ ಅದು ವಿಸ್ತರಿಸಿತು. ಒಳ್ಳೆಯ ಕೆಲಸ. ಆದರೆ ಆ ಪಟ್ಟಿಯಲ್ಲಿ ಪೆಟ್ಟಿಗೆ ಅಂಗಡಿ, ಕಿರಾಣಿ ಅಂಗಡಿಯವರ ಹೆಸರಿಲ್ಲ. ಅಂಗಡಿ ಇದೆ ಎಂದರೆ ಹಣ ಇದೆ ಎಂದೇ ಸರ್ಕಾರದ ಕಣ್ಣಿಗೆ ಕಾಣುತ್ತದೇನೋ. ಬೋರ್ಡು ದೊಡ್ಡದಿದ್ದ ಮಾತ್ರಕ್ಕೆ ಗಲ್ಲಾ ತುಂಬಿರಬೇಕೆಂದಿಲ್ಲ ಎಂಬುದು ಬೀದಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು.

ಬ್ಯಾಂಕ್ ಸಾಲ? 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಸ್ತಿ ಅಡವಿಡದೆ ಸಾಲ ಸಿಗುತ್ತದೆ. ಆದರೆ ಅದು ಆಯ್ದ 860 ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ. ಮನೆಯಲ್ಲಿ ಕೂತು ಸಿ.ಎ. ಪುಸ್ತಕ ಓದುವವರಿಗೆ ಸೀಟು ಎಲ್ಲಿಯದು?

ಭಾಷೆಯ ಬೇಲಿ

ಹಣ ಹೊಂದಿದರೂ ಇನ್ನೊಂದು ಬೇಲಿ ಉಳಿಯುತ್ತದೆ. ಸಿ.ಎ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಬರೆಯಬೇಕು. ಹಿಂದಿ ನಾಡಿನ ಹುಡುಗನಿಗೆ ತನ್ನ ಮಾತಿನಲ್ಲೇ ಬರೆಯುವ ಅವಕಾಶವಿದೆ, ಕನ್ನಡ ಮಾಧ್ಯಮದಲ್ಲಿ ಪಿ.ಯು.ಸಿ. ಮುಗಿಸಿದವನಿಗೆ ಇಲ್ಲ. ಅಪ್ಪನ ಅಂಗಡಿಯಲ್ಲಿ ಕೂತು ಜಮಾ-ಖರ್ಚು ಬಾಯಲ್ಲೇ ಹೇಳುವ ಹುಡುಗ 'ಡಿಪ್ರಿಸಿಯೇಶನ್' ಎಂದೊಡನೆ ಮೌನವಾಗುತ್ತಾನೆ. ಸವಕಳಿ ಎಂದರೆ ಅವನಿಗೆ ತಕ್ಷಣ ಗೊತ್ತು. ಉಚಿತ ಪಾಠಗಳಿಂದಲೂ ಅವನಿಗೆ ಅರ್ಧವೇ ಲಾಭ. ವಿದ್ಯಾರ್ಥಿ ಸಂಘಗಳು ಕನ್ನಡದಲ್ಲಿ ಒಂದು ಪರಿಚಯ ಶಿಬಿರ ನಡೆಸಿದರೆ, ಎರಡು ಸಾವಿರದ ಚಟುವಟಿಕೆ ಶುಲ್ಕಕ್ಕೆ ಅದಕ್ಕಿಂತ ಒಳ್ಳೆಯ ಬಳಕೆ ಬೇರೆ ಇರಲಾರದು.

ಏನು ಮಾಡಬಹುದು?

ಕಡಿಮೆ ಖರ್ಚಿನ ಒಂದು ದಾರಿ ಹಲವರಿಗೆ ಗೊತ್ತಿಲ್ಲ. ಬಿ.ಕಾಂ.ನಲ್ಲಿ ಶೇ. 55 ಅಂಕ ತೆಗೆದವರು ಫೌಂಡೇಶನ್ ಬರೆಯಬೇಕಿಲ್ಲ, ನೇರ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಒಂಬತ್ತು ಸಾವಿರವೂ ಉಳಿಯಿತು, ಹದಿನೈದು ಪರ್ಸೆಂಟಿನ ಗಂಡಾಂತರವೂ ತಪ್ಪಿತು. ಊರಿನ ಸರ್ಕಾರಿ ಕಾಲೇಜಿನಲ್ಲೇ ಓದಬಹುದು, ಕೈಯಲ್ಲಿ ಡಿಗ್ರಿಯೂ ಇರುತ್ತದೆ. ಕಾಲ ಹೆಚ್ಚು ಬೇಕು, ಬಂಡವಾಳ ಕಡಿಮೆ ಸಾಕು. ಮನೆಯ ಸ್ಥಿತಿ ನೋಡಿಕೊಂಡು ಆರಿಸಬೇಕಾದ ವಿಷಯ ಇದು. ನೆರೆಮನೆಯವರು ಸೇರಿಸಿದರು ಎಂದು ಸೇರಿಸಬಾರದು.

ಫೌಂಡೇಶನ್‌ಗೇ ಹೋಗುವವರು ಪರೀಕ್ಷೆಗೆ ನಾಲ್ಕು ತಿಂಗಳು ಮುಂಚೆ ನೋಂದಣಿ ಮಾಡಿಸಿರಬೇಕು. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕುವುದನ್ನು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವುದನ್ನು ಕೊನೇ ದಿನದವರೆಗೆ ಬಿಡಬಾರದು. ಕಾಗದ ಸಿದ್ಧವಿಲ್ಲದೆ ಕೈತಪ್ಪಿದ ವಿದ್ಯಾರ್ಥಿವೇತನಕ್ಕೆ ಯಾರನ್ನು ದೂರುವುದು?

ಇನ್ನು ಊರಿನ ಹಿರಿಯರ ಪಾಲು. ವರ್ತಕರ ಸಂಘಗಳು ಪ್ರತಿ ವರ್ಷ ರ‍್ಯಾಂಕ್ ಬಂದ ಮಕ್ಕಳಿಗೆ ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಸುತ್ತವೆ. ತಪ್ಪಲ್ಲ. ಆದರೆ ಮಕ್ಕಳಿಗೆ ಹಣ ಬೇಕಾದದ್ದು ಗೆದ್ದ ಮೇಲಲ್ಲ, ಅರ್ಜಿ ತುಂಬುವ ದಿನ. ಆ ಸಮಾರಂಭದ ಖರ್ಚಿನಲ್ಲಿ ಹತ್ತು ಮಕ್ಕಳ ಫೌಂಡೇಶನ್ ಶುಲ್ಕವನ್ನು, ಅಂದರೆ 90,000 ರೂಪಾಯಿಯನ್ನು, ಬಡ್ಡಿಯಿಲ್ಲದ ಕೈಸಾಲವಾಗಿ ಕೊಡಬಹುದು. ಸ್ಟೈಪೆಂಡ್ ಶುರುವಾದ ಮೇಲೆ ತಿಂಗಳಿಗೆ ಐದುನೂರರಂತೆ ತೀರಿಸಿದರೂ ಹದಿನೆಂಟು ತಿಂಗಳಲ್ಲಿ ಸಾಲ ಮುಗಿಯಿತು. ಅದೇ ಹಣ ಮುಂದಿನ ಹುಡುಗನಿಗೆ. ಪಾಸಾಗದವರದ್ದು ಒಂದಿಷ್ಟು ಮುಳುಗಬಹುದು. ಉದ್ರಿ ಕೊಟ್ಟು ವ್ಯಾಪಾರ ಮಾಡುವ ಪೇಟೆಗೆ ಅಷ್ಟು ಮುಳುಗುವುದು ಹೊಸದೇನಲ್ಲ.

ಊರಿನ ಪ್ರತಿ ಅಂಗಡಿಗೂ ಜಿ.ಎಸ್.ಟಿ. ಲೆಕ್ಕ ಬರೆಯುವವರು ಬೇಕು, ಬ್ಯಾಂಕ್ ಸಾಲದ ಕಾಗದಕ್ಕೆ ರುಜು ಹಾಕುವವರು ಬೇಕು. ಅಂಥವರು ಸಿಗುತ್ತಿಲ್ಲವೆಂದು ದೂರುವ ಪೇಟೆಯೇ ತನ್ನ ಮಕ್ಕಳನ್ನು ಮೊದಲ ಮೆಟ್ಟಿಲಲ್ಲಿ ಕೈಬಿಟ್ಟರೆ ಲೆಕ್ಕ ಸರಿಹೊಂದುವುದಾದರೂ ಹೇಗೆ? ಮುಂದಿನ ಫಲಿತಾಂಶ ಬರುವ ಮುಂಚೆ ವರ್ತಕರ ಸಂಘದವರು ಒಂದು ಸಂಜೆ ಕೂತು ಈ ವಿಷಯ ತೀರ್ಮಾನಿಸಲಿ.