ಮಕ್ಕಳ ರಾಮಾಯಣಕ್ಕೆ ವೆಂಕಟಪ್ಪನವರ ಚಿತ್ರಗಳು

ಮಕ್ಕಳ ಪುಸ್ತಕದಲ್ಲಿ ಕಥೆಗೆ ಸಲ್ಲುವಷ್ಟೇ ಗೌರವವು ಚಿತ್ರಕ್ಕೂ ಸಲ್ಲತಕ್ಕದ್ದೆಂಬುದನ್ನು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಬಾಳಿನಿಂದಲೇ ತೋರಿಸಿಕೊಟ್ಟವರಲ್ಲಿ ರ್‍ಯಾಂಡಾಲ್ಫ್ ಕಾಲ್ಡೆಕಾಟ್ ಒಬ್ಬನು. ಬ್ಯಾಂಕಿನ ಗುಮಾಸ್ತನಾಗಿ ವೃತ್ತಿಯನ್ನಾರಂಭಿಸಿ, ರಾಯಲ್ ಅಕಾಡೆಮಿಯಲ್ಲಿ ಕೃತಿಗಳು ಪ್ರದರ್ಶಿತವಾಗುವಷ್ಟು ಸಮರ್ಥ ವರ್ಣಚಿತ್ರಕಾರನಾಗಿ ಬೆಳೆದ ಆತನು, 1878ರಿಂದ ಮೊದಲ್ಗೊಂಡು ಮುದ್ರಕ ಎಡ್ಮಂಡ್ ಇವಾನ್ಸನೊಡಗೂಡಿ ವರ್ಷಕ್ಕೆರಡರಂತೆ 16 ಚಿತ್ರಪುಸ್ತಕಗಳನ್ನು ಮಕ್ಕಳಿಗಿತ್ತು, ನಲವತ್ತು ತುಂಬುವ ಮುನ್ನವೇ 1886ರಲ್ಲಿ ಕಾಲವಶನಾದನು.

ಅದೇ 1886ರಲ್ಲಿ ಮೈಸೂರಿನ ಚಿತ್ರಗಾರ ಮನೆತನದಲ್ಲಿ ಜನಿಸಿದವರು ಕೆ. ವೆಂಕಟಪ್ಪನವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿ, ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಅಟ್ಟಕ್ಕೇರಿಸಿದ ಕಾಯಿ ತನ್ನಷ್ಟಕ್ಕೆ ಕೊಬ್ಬರಿಯಾಗುವವರೆಗೆ ಕಾಯುವ ನಮ್ಮ ತಿಪಟೂರು ಸೀಮೆಯ ತೆಂಗು ಬೆಳೆಗಾರನ ತಾಳ್ಮೆಯಿಂದ ಅವರು ವಿದ್ಯೆಯನ್ನು ಪಕ್ವಗೊಳಿಸಿಕೊಂಡರು. ಸೋದರಿ ನಿವೇದಿತಾ ಆರಂಭಿಸಿ, ಆಕೆಯ ನಿಧನಾನಂತರ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ ಹಿಂದೂ–ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥವು 1913ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದಾಗ, ನಂದಲಾಲ ಬಸು ಮೊದಲಾದವರ ಕೃತಿಗಳ ಜೊತೆಯಲ್ಲಿ ವೆಂಕಟಪ್ಪನವರ ರಾಮಾಯಣದ ವರ್ಣಚಿತ್ರಗಳೂ ಅದರಲ್ಲಿ ಶೋಭಿಸಿದುವು. ಮುಂದೆ ಉದಕಮಂಡಲದ ಗಿರಿದೃಶ್ಯಗಳನ್ನು ಜಲವರ್ಣದಲ್ಲಿ ಚಿತ್ರಿಸಿದ, ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸ ಮಾಡಿದ ಈ ಬ್ರಹ್ಮಚಾರಿ ಕಲೋಪಾಸಕರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಚಿತ್ರಶಾಲೆಯೇ ಇದೆ.

ಆ ಗ್ರಂಥವು ಮಕ್ಕಳಿಗೆಂದೇ ರಚಿತವಾದುದಲ್ಲ. ಆದರೆ ರಾಮನ ಕಥೆಯನ್ನು ಮೊದಲ ಸಲ ಕೇಳುವ ಬಾಲಕನಿಗೆ ಮೈಸೂರಿನ ಮಹಾಕಲಾವಿದನ ಕಣ್ಣಿನಿಂದಲೇ ಅದನ್ನು ಕಾಣಿಸುವುದಕ್ಕಿಂತ ಉಚಿತವಾದ ಉಪದೇಶವುಂಟೆ? ವೆಂಕಟಪ್ಪನವರು ದಿವಂಗತರಾದದ್ದು 1965ರಲ್ಲಿ. ಕಲಾವಿದನ ಮರಣಾನಂತರ 60 ವರ್ಷ ಉಳಿಯುವ ಕೃತಿಸ್ವಾಮ್ಯದ ಅವಧಿಯು 2025ರ ಕೊನೆಯವರೆಗೆ ಮಾತ್ರ. ಆದುದರಿಂದ ಆ ಚಿತ್ರಗಳನ್ನೊಳಗೊಂಡ ಸುಲಭ ಬೆಲೆಯ ಕನ್ನಡ ಮಕ್ಕಳ ರಾಮಾಯಣವೊಂದನ್ನು ಹೊರತರುವುದಕ್ಕೆ ಬೇಕಾದುದು ಅನುಮತಿಯಲ್ಲ, ಸಂಕಲ್ಪ.

ಆ ಸಂಕಲ್ಪವು ತೆಂಗಿನ ಸೀಮೆಯಾದ ನಮ್ಮ ಕಲ್ಪತರು ನಾಡಿನಿಂದಲೇ ಹೊರಡಲೆಂದು ನನ್ನ ಪ್ರಾರ್ಥನೆ. ತಿಪಟೂರು ತಾಲ್ಲೂಕಿನ ಅರಳುಗುಪ್ಪೆಯ ಚೆನ್ನಕೇಶವ ದೇವಾಲಯದಲ್ಲಿ 13ನೆಯ ಶತಮಾನದ ಶಿಲ್ಪಿ ಹೊನೋಜನ ಹೆಸರು ಕಲ್ಲಿನ ಮೇಲೆ ಇಂದಿಗೂ ನಿಂತಿದೆ. ಕೆತ್ತಿದವನ ಹೆಸರನ್ನು ಕಡೆಗಣಿಸದ ಸಂಸ್ಕೃತಿ ನಮ್ಮದು. ಹೀಗಿರುವಾಗ ಮಕ್ಕಳ ಪುಸ್ತಕಗಳಲ್ಲಿ ಚಿತ್ರಕಾರನ ಹೆಸರು ಒಳಪುಟದ ಮೂಲೆಗೆ ಸರಿಯುವುದು, ಕೆಲವೊಮ್ಮೆ ಕಾಣದೆಯೇ ಹೋಗುವುದು ನಮಗೆ ತಕ್ಕುದಲ್ಲ. ಕೊಬ್ಬರಿ ವ್ಯಾಪಾರದಿಂದ ಸಂಪನ್ನರಾದ ದಾನಿಗಳೂ ಸಹಕಾರ ಸಂಘಗಳೂ ಕೈಜೋಡಿಸಿ, ವೆಂಕಟಪ್ಪನವರ ಹೆಸರನ್ನು ಹೊದಿಕೆಯ ಮೇಲೆಯೇ ಮುದ್ರಿಸಿದ ಅಂತಹ ಪುಸ್ತಕವೊಂದನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಪ್ರತಿಯೊಂದು ಪ್ರಾಥಮಿಕ ಶಾಲೆಗೂ ಗ್ರಾಮ ಗ್ರಂಥಾಲಯಕ್ಕೂ ತಲುಪಿಸಲಿ. ಊರಹಬ್ಬಗಳಿಗೆ ಧಾರಾಳವಾಗಿ ವೆಚ್ಚಮಾಡುವ ನಮಗೆ ಇದು ಹೊರಲಾರದ ಭಾರವೇನೂ ಅಲ್ಲ. ಲಂಡನ್ನಿನ ಓದುಗನಿಗೆ 1913ರಲ್ಲಿಯೇ ದೊರೆತದ್ದು ತುರುವೇಕೆರೆಯ ಮಗುವಿಗೆ ಇನ್ನಾದರೂ ದೊರೆಯಲೇಬೇಕು.