ಲೀಟರಿನ ದರವಲ್ಲ, ಚದರಡಿಯ ವೆಚ್ಚ

ಮೂಡಿಗೆರೆ, ಕಳಸಗಳ ಮಳೆಗಾಲದಲ್ಲಿ ಲ್ಯಾಕರ್ ಬಳಿದ ಮರದ ಮೇಲೆ ಬಿಳಿ ಮಸುಕು ಕಟ್ಟುವುದು ಮರಗೆಲಸದ ಉದ್ಯಮಿಗಳಿಗೆ ಹೊಸತಲ್ಲ. ತೋಟದ ಸಿಲ್ವರ್ ಓಕ್ ಹಲಗೆ ಷೆಡ್ಡಿನಲ್ಲೇ ಉಳಿಯುತ್ತದೆ. ಬ್ಯಾಂಕಿನ ಬಡ್ಡಿ ಮಾತ್ರ ಮಳೆ ನಿಲ್ಲಲೆಂದು ಕಾಯುವುದಿಲ್ಲ.

ನೇರಳಾತೀತ ಬೆಳಕಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುವ ಪಾಲಿಮರ್ ಲೇಪನದ ಲೀಟರ್ ದರ ಕೇಳಿ ಅನೇಕರು ಹಿಂಜರಿಯುತ್ತಾರೆ. ಈ ಲೆಕ್ಕವೇ ತಪ್ಪೆಂಬುದು ನನ್ನ ಅಭಿಪ್ರಾಯ. ಲ್ಯಾಕರಿನಲ್ಲಿ ಅರ್ಧಕ್ಕೂ ಹೆಚ್ಚು ಭಾಗ ತಿನ್ನರ್ ಆಗಿ ಹಾರಿಹೋಗುತ್ತದೆ. ಇದರಲ್ಲಿ ಬಳಿದುದು ಬಹುಪಾಲು ಮರದ ಮೇಲೆಯೇ ಉಳಿಯುತ್ತದೆ. ಹೋಲಿಸಬೇಕಾದುದು ಒಣಗಿದ ಪದರದ ಚದರಡಿ ವೆಚ್ಚವನ್ನು.

ಇದಕ್ಕೆ ರಾಸಾಯನಿಕವಾಗಿ ಮಾರ್ಪಡಿಸಿದ ಜೇಡಿಮಣ್ಣಿನ, ಸುಮಾರು 1 ನ್ಯಾನೋಮೀಟರ್ ದಪ್ಪದ ಹಾಳೆಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದರೆ ತೇವಾಂಶ ಸುತ್ತಿಬಳಸಿ ಸಾಗಬೇಕಾಗುತ್ತದೆ. ಹಾಳೆಗಳು ಬಿಡಿಬಿಡಿಯಾಗಿ ಹರಡಿರಬೇಕು. ಮುದ್ದೆಗಟ್ಟಿದರೆ ತೆತ್ತ ಹೆಚ್ಚುವರಿ ಬೆಲೆ ಅಕ್ಷರಶಃ ಮಣ್ಣುಪಾಲು! ಪರೀಕ್ಷಾ ವರದಿ ನೋಡದೆ ಖರೀದಿ ಆದೇಶ ನೀಡಬಾರದು.

ವಿದ್ಯುತ್ ಹೋಗಿ ಬಂದಾಗ ಪಾದರಸದ ದೀಪ ತಣಿದು ಮತ್ತೆ ಕಾವೇರಲು ಹಲವು ನಿಮಿಷ ಬೇಕು. ಎಲ್‌ಇಡಿ ತಕ್ಷಣ ಬೆಳಗುತ್ತದೆ. ಆದರೆ ಅದಕ್ಕೆ ಹೊಂದುವ ಲೇಪನವನ್ನೇ ಕೊಳ್ಳಬೇಕು. ವರ್ಷವಿಡೀ ಕೆಲಸವಿಲ್ಲದ ಯಂತ್ರದ ಮೇಲೂ ಸವಕಳಿ, ಬಡ್ಡಿ ಏರುತ್ತಲೇ ಇರುತ್ತವೆ. ಆದುದರಿಂದ ಒಬ್ಬೊಬ್ಬರೂ ಸಾಲ ಮಾಡುವ ಬದಲು, ನಾಲ್ಕೈದು ಉದ್ಯಮಿಗಳು ಸೇರಿ ಚಿಕ್ಕಮಗಳೂರಿನಲ್ಲಿ ಒಂದು ಜಾಬ್‌ವರ್ಕ್ ಘಟಕ ತೆರೆಯುವ ಬಗ್ಗೆ ಆಲೋಚಿಸಲಿ.